ಆಂಬುಲೆನ್ಸ್ ಹತ್ತಲು ಏನು ಓದಬೇಕು?

ಪಿಯುಸಿ ಫಲಿತಾಂಶ ಬಂದ ವಾರದಲ್ಲೇ ಜಿಲ್ಲಾ ಕೇಂದ್ರಗಳ ಗೋಡೆಗಳ ಮೇಲೆ ‘ಪ್ಯಾರಾಮೆಡಿಕಲ್ ಕೋರ್ಸುಗಳಿಗೆ ಪ್ರವೇಶ ಆರಂಭ’ ಎಂಬ ಪೋಸ್ಟರುಗಳು ಏಳುತ್ತವೆ. ಆಂಬುಲೆನ್ಸಿನ ಕೆಲಸದ ಕನಸು ಕಟ್ಟಿಕೊಂಡು ಆ ಪೋಸ್ಟರಿನ ಫೋನ್ ನಂಬರಿಗೆ ಕರೆ ಮಾಡುವ ಹುಡುಗ ಹುಡುಗಿಯರು ಫೀಸು ಕಟ್ಟುವ ಮೊದಲು ಒಂದು ವಿಷಯ ತಿಳಿದುಕೊಳ್ಳಬೇಕು. ನಮ್ಮ ರಾಜ್ಯದ ಪ್ಯಾರಾಮೆಡಿಕಲ್ ಡಿಪ್ಲೊಮಾಗಳಲ್ಲಿ ಹೆಚ್ಚಿನವು ಆಸ್ಪತ್ರೆಯ ಒಳಗಿನ ಕೆಲಸಕ್ಕೆ ತಯಾರು ಮಾಡುವಂಥವು. ಲ್ಯಾಬ್, ಎಕ್ಸ್‌ರೇ, ಆಪರೇಷನ್ ಥಿಯೇಟರ್, ಡಯಾಲಿಸಿಸ್, ಕಣ್ಣಿನ ತಪಾಸಣೆ, ಹೀಗೆ. ಎಸ್ಸೆಸ್ಸೆಲ್ಸಿ ಆದವರಿಗೆ ಮೂರು ವರ್ಷ, ಪಿಯುಸಿ ವಿಜ್ಞಾನ ಓದಿದವರಿಗೆ ಎರಡು ವರ್ಷ. ಮರ್ಯಾದೆಯ ಕೆಲಸಗಳೇ, ಅನುಮಾನವಿಲ್ಲ. ಆದರೆ ಬೈಕಿನಿಂದ ಬಿದ್ದು ರಸ್ತೆಯಲ್ಲಿ ಮಲಗಿರುವವನ ಕುತ್ತಿಗೆ ಅಲುಗದಂತೆ ಅವನನ್ನು ಎತ್ತುವುದು ಹೇಗೆಂದು ಎಕ್ಸ್‌ರೇ ಡಿಪ್ಲೊಮಾದಲ್ಲಿ ಕಲಿಸುವುದಿಲ್ಲ.

ಆಂಬುಲೆನ್ಸಿನಲ್ಲಿ ಸಾಮಾನ್ಯವಾಗಿ ಇರುವುದು ಇಬ್ಬರೇ. ಸ್ಟಿಯರಿಂಗ್ ಹಿಡಿದವರನ್ನು 108ರವರು ಪೈಲಟ್ ಎನ್ನುತ್ತಾರೆ. ಹಿಂದೆ ರೋಗಿಯ ಪಕ್ಕ ಕೂರುವವರು ಇಎಂಟಿ, ಅಂದರೆ ಎಮರ್ಜೆನ್ಸಿ ಮೆಡಿಕಲ್ ಟೆಕ್ನಿಷಿಯನ್. 2008ರ ನವೆಂಬರ್ 1ರಂದು ‘ಆರೋಗ್ಯ ಕವಚ’ ಹೆಸರಿನಲ್ಲಿ 108 ಸೇವೆ ಕರ್ನಾಟಕದಲ್ಲಿ ಶುರುವಾದಾಗ ಈ ಕೆಲಸಕ್ಕೆಂದೇ ಓದಿದವರು ಸಿಗುವುದು ಕಷ್ಟವಿತ್ತು. ಹಾಗಾಗಿ ನರ್ಸಿಂಗ್ ಓದಿದವರನ್ನು, ಜೀವವಿಜ್ಞಾನದ ಪದವೀಧರರನ್ನು ತೆಗೆದುಕೊಂಡು ತುರ್ತು ಚಿಕಿತ್ಸೆಯ ತರಬೇತಿ ಕೊಟ್ಟು ಗಾಡಿ ಹತ್ತಿಸುವುದು ರೂಢಿಯಾಯಿತು. ಇವತ್ತಿಗೂ ನಮ್ಮ ಕಡೆ ಇಎಂಟಿಗಳಲ್ಲಿ ನರ್ಸಿಂಗ್ ಹಿನ್ನೆಲೆಯವರು ಬಹಳ ಮಂದಿ.

ಹಾಗೆ ನೋಡಿದರೆ ದಾರಿಗಳು ಮೂರು. ನೇರ ದಾರಿ ಎಂದರೆ ಪದವಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಬಿ.ಎಸ್ಸಿ. ಎಮರ್ಜೆನ್ಸಿ ಅಂಡ್ ಟ್ರಾಮಾ ಕೇರ್ ಟೆಕ್ನಾಲಜಿ ಎಂಬ ಕೋರ್ಸಿದೆ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ಮೂರು ವರ್ಷದ ಓದು, ಅದರ ಮೇಲೆ ಒಂದು ವರ್ಷದ ಇಂಟರ್ನ್‌ಶಿಪ್. ಮೊದಲ ವರ್ಷ ಅಂಗರಚನೆ, ಶರೀರಕ್ರಿಯೆ, ಬಯೋಕೆಮಿಸ್ಟ್ರಿಯಂಥ ಮೂಲ ವಿಷಯಗಳು. ಉಳಿದ ಅಲೈಡ್ ಹೆಲ್ತ್ ಕೋರ್ಸಿನವರ ಜೊತೆಗೇ ಕೂತು ಓದಬೇಕು. ‘ಆಂಬುಲೆನ್ಸ್ ಎಲ್ಲಿ?’ ಎಂದು ಬೇಸರಪಟ್ಟು ಮೊದಲ ವರ್ಷದಲ್ಲೇ ಬಿಟ್ಟುಹೋಗಬೇಡಿ. ತುರ್ತು ಚಿಕಿತ್ಸೆಯ ವಿಷಯಗಳು ಎರಡನೇ ವರ್ಷದಿಂದ ಬರುತ್ತವೆ. ಸಂಬಂಧಪಟ್ಟ ಡಿಪ್ಲೊಮಾ ಮುಗಿಸಿದವರಿಗೆ ಎರಡನೇ ವರ್ಷಕ್ಕೇ ಸೇರುವ ಅವಕಾಶವೂ ಉಂಟು, ಡಿಪ್ಲೊಮಾಕ್ಕೆ ವಿಶ್ವವಿದ್ಯಾಲಯದ ಮಾನ್ಯತೆ ಇದ್ದರೆ.

ಎರಡನೆಯದು ನರ್ಸಿಂಗ್. ಜಿಎನ್‌ಎಂ ಮೂರು ವರ್ಷ, ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷ. ಸುತ್ತು ದಾರಿಯಂತೆ ಕಂಡರೂ ಲೆಕ್ಕಾಚಾರದ ಮನೆಯವರು ಇದನ್ನೇ ಆರಿಸುತ್ತಾರೆ, ಅದಕ್ಕೆ ಕಾರಣವೂ ಇದೆ. ನಾಲ್ಕಾರು ವರ್ಷ ಗಾಡಿಯಲ್ಲಿ ದುಡಿದು ಸಾಕಾದಾಗ ವಾರ್ಡಿಗೆ ಮರಳಬಹುದು. ಬರೀ ಇಎಂಟಿ ಪ್ರಮಾಣಪತ್ರ ಇದ್ದವರಿಗೆ ಆ ಬಾಗಿಲು ತೆರೆದಿರುವುದಿಲ್ಲ.

ಮೂರನೆಯದು ಕೆಲವೇ ತಿಂಗಳಲ್ಲಿ ಮುಗಿಯುವ ಕೌಶಲ ತರಬೇತಿ. ಹೆಲ್ತ್‌ಕೇರ್ ಸೆಕ್ಟರ್ ಸ್ಕಿಲ್ ಕೌನ್ಸಿಲ್ ರೂಪಿಸಿರುವ ಇಎಂಟಿ ಬೇಸಿಕ್, ಇಎಂಟಿ ಅಡ್ವಾನ್ಸ್ಡ್ ಎಂಬ ಎರಡು ಹಂತಗಳಿವೆ. ಬೇಗ ಕೆಲಸ ಬೇಕಾದವರಿಗೆ ಇದು ಒಳ್ಳೆಯ ಮೆಟ್ಟಿಲು. ಆದರೆ ಇಲ್ಲೊಂದು ಕಾನೂನಿನ ತೊಡಕಿದೆ. 2021ರಲ್ಲಿ ಸಂಸತ್ತು ಅಂಗೀಕರಿಸಿದ ರಾಷ್ಟ್ರೀಯ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಆಯೋಗದ ಕಾಯ್ದೆ ತನ್ನ ಪಟ್ಟಿಯಲ್ಲಿ ಎಮರ್ಜೆನ್ಸಿ ಮೆಡಿಕಲ್ ಟೆಕ್ನಾಲಜಿಸ್ಟ್, ಅಡ್ವಾನ್ಸ್ ಕೇರ್ ಪ್ಯಾರಾಮೆಡಿಕ್ ಎಂಬ ವೃತ್ತಿಗಳನ್ನು ಹೆಸರಿಸಿಯೇ ಸೇರಿಸಿಕೊಂಡಿತು. ಅಲೈಡ್ ಹೆಲ್ತ್ ವೃತ್ತಿಪರ ಎನಿಸಿಕೊಳ್ಳಲು ಎರಡರಿಂದ ನಾಲ್ಕು ವರ್ಷಗಳಲ್ಲಿ ಹರಡಿದ ಕನಿಷ್ಠ 2,000 ಗಂಟೆಗಳ ಓದು ಬೇಕೆಂದು ಆ ಕಾಯ್ದೆ ಹೇಳುತ್ತದೆ. ಹೆಲ್ತ್‌ಕೇರ್ ವೃತ್ತಿಪರ ಎನಿಸಿಕೊಳ್ಳಲು 3,600 ಗಂಟೆ. ಕೆಲವು ತಿಂಗಳ ಕೋರ್ಸು ಈ ಅಳತೆಗೆ ನಿಲುಕುವುದಿಲ್ಲ. ಈ ಕಾಯ್ದೆಯಡಿ ರಚನೆಯಾಗುವ ರಾಜ್ಯ ಮಂಡಳಿಗಳ ನೋಂದಣಿ ಪುಸ್ತಕದಲ್ಲಿ ಹೆಸರಿಲ್ಲದವರಿಗೆ ಮುಂದೆ ಬಡ್ತಿಗೂ ಬೇರೆಡೆ ಕೆಲಸಕ್ಕೂ ತೊಂದರೆಯಾಗುತ್ತದೆ. ಕೈಯಲ್ಲಿ ಕಾಸಿಲ್ಲದೆ ಕೌಶಲ ಕೋರ್ಸಿನಿಂದ ಆರಂಭಿಸಿದವರು ದುಡಿಯುತ್ತಲೇ ಪದವಿಯ ಕಡೆ ಕಣ್ಣಿಡುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಇಷ್ಟಕ್ಕೂ ಕಲಿಸುವುದೇನು? ಎಲ್ಲಕ್ಕಿಂತ ಮೊದಲು, ಓಡಿಹೋಗದೆ ನಿಲ್ಲುವುದನ್ನು. ಗಾಡಿಯಿಂದ ಇಳಿದ ಕೂಡಲೇ ಸುತ್ತ ನೋಡಬೇಕು. ವಿದ್ಯುತ್ ತಂತಿ ತುಂಡಾಗಿ ಬಿದ್ದಿದೆಯೇ, ಪೆಟ್ರೋಲ್ ಸೋರುತ್ತಿದೆಯೇ, ಹಿಂದಿನಿಂದ ಲಾರಿ ಬರುತ್ತಿದೆಯೇ, ಗುಂಪು ಕೆರಳಿದೆಯೇ. ಗ್ಲೌಸ್ ಹಾಕದೆ ರಕ್ತ ಮುಟ್ಟುವಂತಿಲ್ಲ. ಇಎಂಟಿಯೇ ನೆಲಕ್ಕೆ ಬಿದ್ದರೆ ಎರಡನೇ ಆಂಬುಲೆನ್ಸ್ ಕರೆಸಬೇಕಾಗುತ್ತದೆ.

ಆಮೇಲೆ ಬರುವುದು ಕ್ರಮ. ಉಸಿರಿನ ದಾರಿ, ಉಸಿರಾಟ, ರಕ್ತ ಸಂಚಾರ, ಪ್ರಜ್ಞೆ, ಕೊನೆಗೆ ಬಟ್ಟೆ ಸರಿಸಿ ಮೈಯೆಲ್ಲ ಪರೀಕ್ಷೆ. ರಕ್ತ ಧಾರೆಯಾಗಿ ಹರಿಯುತ್ತಿದ್ದರೆ ಮಾತ್ರ ಅದನ್ನು ನಿಲ್ಲಿಸುವುದು ಎಲ್ಲಕ್ಕೂ ಮುಂಚೆ. ಮುರಿದು ಸೊಟ್ಟಗಾದ ಕಾಲು ಎಲ್ಲರ ಕಣ್ಣು ಸೆಳೆಯುತ್ತದೆ. ಆದರೆ ರೋಗಿ ಸಾಯುವುದು ನಾಲಿಗೆ ಹಿಂದಕ್ಕೆ ಬಿದ್ದು ಉಸಿರು ಕಟ್ಟಿದ್ದರಿಂದ. ಕಾಲನ್ನು ಆಮೇಲೆ ನೋಡುವ ಶಿಸ್ತು ಬರುವವರೆಗೆ ಬೊಂಬೆಗಳ ಮೇಲೆ, ಸಹಪಾಠಿಗಳ ಮೇಲೆ ಮತ್ತೆ ಮತ್ತೆ ಮಾಡಿಸುತ್ತಾರೆ. ಎದೆ ಒತ್ತುವ ಸಿಪಿಆರ್ ಕೂಡ ಹೀಗೆಯೇ. ನಿಮಿಷಕ್ಕೆ 100ರಿಂದ 120 ಸಲ, ದೊಡ್ಡವರಲ್ಲಿ 5 ಸೆಂಟಿಮೀಟರಿಗೆ ಕಡಿಮೆಯಿಲ್ಲದಂತೆ, 6 ಮೀರದಂತೆ, 30 ಒತ್ತಿಗೆ 2 ಉಸಿರು. ಓದುವಾಗ ಸುಲಭ. ಎರಡು ನಿಮಿಷ ಒತ್ತಿ ನೋಡಿ, ತೋಳು ನಡುಗುತ್ತದೆ. ಅದಕ್ಕೇ ಎರಡು ನಿಮಿಷಕ್ಕೊಮ್ಮೆ ಕೈ ಬದಲಿಸಬೇಕೆನ್ನುವುದು, ಪೈಲಟ್‌ಗೂ ಇದು ಬರಬೇಕೆನ್ನುವುದು.

ಪಠ್ಯಪುಸ್ತಕದಲ್ಲಿ ಕಡಿಮೆ, ನಮ್ಮ ಹಳ್ಳಿಗಳಲ್ಲಿ ಹೆಚ್ಚು ಸಿಗುವ ಪ್ರಕರಣಗಳಿಗೆ ಕಿವಿಯೂ ತಯಾರಾಗಬೇಕು. ಕರೆ ಮಾಡಿದವರು ‘ಔಷಧಿ ಕುಡಿದಿದ್ದಾನೆ’ ಎಂದರೆ ಮಾತ್ರೆ ನುಂಗಿದನೆಂದು ತಿಳಿಯುವ ಇಎಂಟಿಗೆ ಹೊಲದ ಪರಿಚಯವಿಲ್ಲ. ಅದು ಬೆಳೆಗೆ ಹೊಡೆಯುವ ಕೀಟನಾಶಕ. ಬಾಯಿ ಮೂಗಿನಲ್ಲಿ ನೊರೆ, ಜೊಲ್ಲು ಸುರಿಯುತ್ತಿರುತ್ತದೆ. ಸಕ್ಷನ್ ಯಂತ್ರದಿಂದ ಅದನ್ನು ಎಳೆದು, ಆಮ್ಲಜನಕ ಕೊಟ್ಟು, ವಿಷ ಬಿದ್ದ ಬಟ್ಟೆ ಕಳಚಿ, ಮೈ ತೊಳೆದು, ಮರೆಯದೆ ಆ ಬಾಟಲಿಯನ್ನೂ ಆಸ್ಪತ್ರೆಗೆ ಒಯ್ಯಬೇಕು. ಯಾವ ವಿಷವೆಂದು ವೈದ್ಯರಿಗೆ ಹೇಳುವುದು ಅದರ ಲೇಬಲ್ಲೇ. ‘ಹುಳ ಮುಟ್ಟಿದೆ’ ಎಂದರೆ ಹಾವು ಕಚ್ಚಿದೆ ಎಂದರ್ಥ. ಅಷ್ಟರಲ್ಲಿ ಮನೆಯವರು ಹಗ್ಗ ಬಿಗಿದಿರುತ್ತಾರೆ, ಕೆಲವರು ಬ್ಲೇಡಿನಿಂದ ಗೀರಿರುತ್ತಾರೆ. ಕೊಯ್ಯುವುದು, ಹೀರುವುದು, ಬಿಗಿಯುವುದು ಮೂರೂ ತಪ್ಪು. ಕಚ್ಚಿದ ಕೈಕಾಲು ಅಲುಗದಂತೆ ಇಟ್ಟು, ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಕರೆದೊಯ್ಯುವುದೇ ಕೆಲಸ. ಹತ್ತಿರದ ಆಸ್ಪತ್ರೆ, ಚುಚ್ಚುಮದ್ದಿರುವ ಆಸ್ಪತ್ರೆ ಎರಡೂ ಒಂದೇ ಆಗಿರಬೇಕೆಂದೇನಿಲ್ಲ. ದಾರಿಯಲ್ಲೇ ಫೋನ್ ಮಾಡಿ ಕೇಳಿಕೊಳ್ಳಬೇಕು.

ಹೆರಿಗೆ ಇನ್ನೊಂದು. ಮಲೆನಾಡಿನ ತಿರುವುಗಳಲ್ಲಿ, ಆಸ್ಪತ್ರೆ ದೂರವಿರುವ ಹಾಡಿ ತಾಂಡಾಗಳಲ್ಲಿ ಮಗು ಗಾಡಿಯಲ್ಲೇ ಹುಟ್ಟುವುದುಂಟು. ಗಾಡಿ ನಿಲ್ಲಿಸಿ ಹೆರಿಗೆ ಮಾಡಿಸುವುದೋ, ಆಸ್ಪತ್ರೆಯವರೆಗೆ ಹೋಗುವುದೋ ಎಂದು ನಿರ್ಧರಿಸಬೇಕಾದವರು ಇಎಂಟಿ. ಮಗುವನ್ನು ಒರೆಸಿ ಒಣಗಿಸಿ ತಾಯಿಯ ಎದೆಗೊತ್ತಿ ಬೆಚ್ಚಗಿಡುವುದು, ಹೊಕ್ಕುಳಬಳ್ಳಿಗೆ ಎರಡು ಕ್ಲ್ಯಾಂಪ್ ಹಾಕಿ ನಡುವೆ ಕತ್ತರಿಸುವುದು, ಕಸ ಬಿದ್ದರೆ ಅದನ್ನೂ ಆಸ್ಪತ್ರೆಗೆ ತಂದು ತೋರಿಸುವುದು, ತಾಯಿಗೆ ರಕ್ತಸ್ರಾವ ಹೆಚ್ಚಿದರೆ ಗಮನಿಸುವುದು, ಇವೆಲ್ಲ ಅಲುಗಾಡುವ ಇಕ್ಕಟ್ಟಿನ ಜಾಗದಲ್ಲಿ ನಡೆಯಬೇಕು. ಲೇಬರ್ ವಾರ್ಡಿನಲ್ಲಿ ಪೋಸ್ಟಿಂಗ್ ಕೊಡದ ಕೋರ್ಸು ಇದನ್ನು ಹೇಗೆ ಕಲಿಸೀತು?

ಇಷ್ಟು ಕಲಿತರೂ ಇಎಂಟಿ ವೈದ್ಯರಲ್ಲ. ಯಾವ ಔಷಧ ಕೊಡಬಹುದೆಂಬುದಕ್ಕೆ ಲಿಖಿತ ನಿಯಮಗಳಿರುತ್ತವೆ, ಅದನ್ನು ಮೀರಿದ್ದಕ್ಕೆ ಕರೆ ಕೇಂದ್ರದಲ್ಲಿ ಕೂತ ವೈದ್ಯರನ್ನು ಫೋನಿನಲ್ಲಿ ಕೇಳಬೇಕು. ಆ ವೈದ್ಯರಿಗೆ ರೋಗಿ ಕಾಣುವುದಿಲ್ಲ. ನಾಡಿ, ರಕ್ತದೊತ್ತಡ, ಆಮ್ಲಜನಕದ ಮಟ್ಟ, ಸಕ್ಕರೆ, ಪ್ರಜ್ಞೆಯನ್ನು ಅಳೆಯುವ 3ರಿಂದ 15ರವರೆಗಿನ ಗ್ಲಾಸ್ಗೋ ಅಂಕ, ಇಷ್ಟನ್ನು ತಡವರಿಸದೆ ಹೇಳಿದರೆ ಮಾತ್ರ ಅವರು ಸರಿಯಾದ ಸಲಹೆ ಕೊಟ್ಟಾರು. ಆಸ್ಪತ್ರೆಗೆ ಒಪ್ಪಿಸುವಾಗ ಅದೇ ವಿವರವನ್ನು ಸಮಯದ ಸಮೇತ ಬರೆದು ಸಹಿ ಮಾಡಿಸಬೇಕು. ಅಪಘಾತ, ವಿಷ, ಹಲ್ಲೆಯ ಪ್ರಕರಣಗಳಲ್ಲಿ ಆ ಹಾಳೆ ನ್ಯಾಯಾಲಯದವರೆಗೂ ಹೋಗುತ್ತದೆ. ಕೈಬರಹ ಕೆಟ್ಟಿರುವವರು ಈಗಿನಿಂದಲೇ ತಿದ್ದಿಕೊಳ್ಳಿ.

ಇನ್ನು ಕಾಲೇಜು. ಕಟ್ಟಡ ನೋಡಿ ಮರುಳಾಗುವ ಬದಲು ಮೂರು ಪ್ರಶ್ನೆ ಕೇಳಿ. ಪದವಿ ಕೊಡುವವರು ಯಾರು, ವಿಶ್ವವಿದ್ಯಾಲಯವೋ ಕಾಲೇಜೇ ಮುದ್ರಿಸುವ ಪ್ರಮಾಣಪತ್ರವೋ? ರಾತ್ರಿ ಕ್ಯಾಶುವಾಲ್ಟಿ ನಡೆಯುವ ಸ್ವಂತ ಆಸ್ಪತ್ರೆ ಇದೆಯೇ, ಇಲ್ಲದಿದ್ದರೆ ಯಾವ ಆಸ್ಪತ್ರೆಯೊಂದಿಗೆ ಒಪ್ಪಂದವಿದೆ? ವಿದ್ಯಾರ್ಥಿಗಳನ್ನು ನಿಜಕ್ಕೂ ಆಂಬುಲೆನ್ಸಿನಲ್ಲಿ ಕಳುಹಿಸುತ್ತಾರೆಯೇ? ಮೂರನೆಯ ಪ್ರಶ್ನೆಗೆ ಬರುವ ಉತ್ತರ ಕೇಳಿಯೇ ಅರ್ಧ ಕಾಲೇಜುಗಳನ್ನು ಕೈಬಿಡಬಹುದು. ಮಾಜಿ ವಿದ್ಯಾರ್ಥಿ ಒಬ್ಬರನ್ನಾದರೂ ಮಾತನಾಡಿಸಿ.

ದೇಹದ ಅರ್ಹತೆಯನ್ನು ಯಾವ ಪ್ರಾಸ್ಪೆಕ್ಟಸ್ಸೂ ಸರಿಯಾಗಿ ಹೇಳುವುದಿಲ್ಲ. ಮೂರನೇ ಮಹಡಿಯಿಂದ ಲಿಫ್ಟಿಲ್ಲದ ಮನೆಯ ಮೆಟ್ಟಿಲಲ್ಲಿ ರೋಗಿಯನ್ನು ಇಳಿಸಬೇಕು. ಬೆನ್ನು ಬಗ್ಗಿಸದೆ ಮೊಣಕಾಲಿನಿಂದ ಎತ್ತುವುದನ್ನು ಕಲಿಯದವರು ಕೆಲವೇ ವರ್ಷಗಳಲ್ಲಿ ತಾವೇ ಮೂಳೆ ವೈದ್ಯರ ಸಾಲಿನಲ್ಲಿ ನಿಲ್ಲುತ್ತಾರೆ. ಬೆಂಗಳೂರಿನಲ್ಲಿ 2015ರಲ್ಲಿ ಬಂದ ಬೈಕ್ ಆಂಬುಲೆನ್ಸಿನಂಥ ಸೇವೆಗೆ ದ್ವಿಚಕ್ರ ಲೈಸೆನ್ಸೂ ಬೇಕು. ರಾತ್ರಿ ಪಾಳಿ, ಹಬ್ಬದ ದಿನದ ಪಾಳಿ ತಪ್ಪಿದ್ದಲ್ಲ. ಕೆಲಸ ಬಹುಮಟ್ಟಿಗೆ ಗುತ್ತಿಗೆಯದು. ವೇತನ ತಡವಾಯಿತೆಂದು ಆಂಬುಲೆನ್ಸ್ ಸಿಬ್ಬಂದಿ ಪ್ರತಿಭಟಿಸಿದ ಸುದ್ದಿಯನ್ನು ಪತ್ರಿಕೆಗಳಲ್ಲಿ ನೀವೂ ಓದಿರುತ್ತೀರಿ. ದೊಡ್ಡ ಖಾಸಗಿ ಆಸ್ಪತ್ರೆಗಳ ತುರ್ತು ವಿಭಾಗ, ಕಾರ್ಖಾನೆಗಳ ಪ್ರಥಮ ಚಿಕಿತ್ಸಾ ಕೊಠಡಿಗಳಲ್ಲೂ ಅವಕಾಶವಿದೆ ಎಂಬುದು ಸ್ವಲ್ಪ ಸಮಾಧಾನ.

ವಿದೇಶದ ಆಸೆ ಇದ್ದವರಿಗೆ ಕೊನೆಯ ಮಾತು. ಬ್ರಿಟನ್ನಿನಲ್ಲಿ ಎಚ್‌ಸಿಪಿಸಿ ಎಂಬ ಸಂಸ್ಥೆಯಲ್ಲಿ ನೋಂದಾಯಿಸದೆ ಯಾರೂ ತಮ್ಮನ್ನು ಪ್ಯಾರಾಮೆಡಿಕ್ ಎಂದು ಕರೆದುಕೊಳ್ಳುವಂತಿಲ್ಲ, ಅದು ಅಪರಾಧ. 2021ರ ಸೆಪ್ಟೆಂಬರ್‌ನಿಂದ ಅಲ್ಲಿ ಈ ವೃತ್ತಿಯ ಓದಿಗೆ ಪದವಿಯೇ ಕನಿಷ್ಠ ಮಟ್ಟ. ಆಸ್ಟ್ರೇಲಿಯಾದಲ್ಲೂ 2018ರ ಡಿಸೆಂಬರ್‌ನಿಂದ ನೋಂದಣಿ ಕಡ್ಡಾಯ. ಬ್ರಿಟನ್ನಿಗೆ ಇಲ್ಲಿಂದ ಅರ್ಜಿ ಹಾಕುವವರ ಓದನ್ನು ಎಚ್‌ಸಿಪಿಸಿಯವರು ವಿಷಯವಾರು ತಾಳೆ ನೋಡುತ್ತಾರೆ. ಹಾಗಾಗಿ ಪದವಿ ಪತ್ರದ ಜೊತೆಗೆ ನೀವು ಓದಿದ ವರ್ಷದ ಪಠ್ಯಕ್ರಮದ ಪ್ರತಿ, ಯಾವ ವಿಭಾಗದಲ್ಲಿ ಎಷ್ಟು ಗಂಟೆ ಇಂಟರ್ನ್‌ಶಿಪ್ ಮಾಡಿದಿರೆಂಬ ಪತ್ರ, ಲಾಗ್‌ಬುಕ್ ಇವನ್ನು ಕಾಲೇಜು ಬಿಡುವ ಮುಂಚೆಯೇ ಸಹಿ, ಮೊಹರು ಹಾಕಿಸಿ ಇಟ್ಟುಕೊಳ್ಳಿ. ಐದು ವರ್ಷ ಕಳೆದ ಮೇಲೆ ಹೋಗಿ ಕೇಳಿದರೆ ಆಗಿನ ಪ್ರಾಂಶುಪಾಲರೂ ಇರುವುದಿಲ್ಲ, ಆ ಕಡತವೂ ಸಿಗುವುದಿಲ್ಲ.