ಟೋಕನ್ ಆಧಾರಿತ ಲಾಗಿನ್: ಗ್ರಾಮ ಪಂಚಾಯಿತಿ ಸದಸ್ಯರು ತಿಳಿದಿರಬೇಕಾದ ಅಂಶಗಳು

ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲೂಕುಗಳ ಗ್ರಾಮ ಪಂಚಾಯಿತಿಗಳಲ್ಲಿ ತೆರಿಗೆ, ಹಾಜರಾತಿ, ಪಾವತಿ ಮುಂತಾದ ಕಾರ್ಯಗಳು ಅಂತರ್ಜಾಲದ ಮೂಲಕ ನಡೆಯುತ್ತಿವೆ. ಒಮ್ಮೆ ಪಾಸ್‌ವರ್ಡ್ ನೀಡಿದ ಬಳಿಕ ತಂತ್ರಾಂಶವು ಪ್ರತಿ ಪುಟದಲ್ಲಿಯೂ ಅದನ್ನು ಮತ್ತೆ ಕೇಳುವುದಿಲ್ಲ. ಇದರ ಕಾರಣವನ್ನು ಸದಸ್ಯರು ಅರಿತಿರುವುದು ಅವಶ್ಯಕ.

ಭತ್ತದ ತೂಕಕ್ಕೆ ಬಂದ ರೈತರೊಬ್ಬರು ಬಾಗಿಲಲ್ಲಿ ಗುರುತಿನ ಚೀಟಿ ತೋರಿಸಿ, ಅಂದಿಗೆ ಮಾತ್ರ ಸಲ್ಲುವ ಟೋಕನ್ ಪಡೆಯುತ್ತಾರೆಂದು ಭಾವಿಸೋಣ. ಒಳಗೆ ಎಲ್ಲ ಕಡೆ ಆ ಟೋಕನ್ ತೋರಿಸಿದರೆ ಸಾಕು. ಆದರೆ ಅದು ಕಳೆದುಹೋದರೆ, ಸಿಕ್ಕವರೂ ಅದನ್ನು ಬಳಸಬಹುದು. ಗಣಕಯಂತ್ರದ ಟೋಕನ್‌ನ ಅನುಕೂಲವೂ ಅಪಾಯವೂ ಇದೇ ಆಗಿದೆ.

ಒಂದು ತಂತ್ರಾಂಶವು ಮತ್ತೊಂದು ಸರ್ವರ್‌ನಿಂದ ಮಾಹಿತಿ ಪಡೆಯುವ ದ್ವಾರಕ್ಕೆ ವೆಬ್ ಎಪಿಐ ಎನ್ನುತ್ತಾರೆ. 2012ರಲ್ಲಿ ಪ್ರಕಟವಾದ ಓಆಥ್ 2.0 ಮಾನದಂಡವು ಈ ದ್ವಾರದಲ್ಲಿ ಟೋಕನ್ ಬಳಸುವ ಕ್ರಮವನ್ನು ನಿರೂಪಿಸಿದೆ. ನಾಗರಿಕರು ಡಿಜಿಲಾಕರ್‌ನ ದಾಖಲೆಯನ್ನು ಬೇರೊಂದು ತಂತ್ರಾಂಶಕ್ಕೆ ನೀಡುವಾಗ ತಮ್ಮ ಗುಪ್ತಸಂಕೇತವನ್ನು ಅದಕ್ಕೆ ಒಪ್ಪಿಸದೆ, ಸಮ್ಮತಿ ಮಾತ್ರ ನೀಡುವುದು ಈ ಕ್ರಮದಿಂದಲೇ.

ಟೋಕನ್ ಪಡೆಯುವುದು, ಪ್ರತಿ ಕೋರಿಕೆಗೆ ಅದನ್ನು ಲಗತ್ತಿಸುವುದು, ಅವಧಿ ಮುಗಿಯುವ ಮುನ್ನ ನವೀಕರಿಸುವುದು ಇವೆಲ್ಲವನ್ನೂ ನಿರ್ವಹಿಸುವ ಸಿದ್ಧ ಸಂಕೇತಗಳ ಕಟ್ಟಿಗೆ ಕ್ಲೈಂಟ್ ಲೈಬ್ರರಿ ಎಂದು ಹೆಸರು. ಟೋಕನ್ ಸಲ್ಲದಿದ್ದರೆ ಸರ್ವರ್ 401 ಎಂಬ ಸಂಖ್ಯೆಯ ಉತ್ತರ ನೀಡುತ್ತದೆ. ಆಗ ಮತ್ತೆ ಲಾಗಿನ್ ಆಗಬೇಕು. ಅದು ಸಾಮಾನ್ಯವಾಗಿ ದೋಷವಲ್ಲ, ರಕ್ಷಣೆ.

ಪಂಚಾಯಿತಿಯು ನೀರಿನ ಕರ ವಸೂಲಿಗೆ ತಂತ್ರಾಂಶ ಖರೀದಿಸುವ ಪ್ರಸ್ತಾವ ಸಭೆಗೆ ಬಂದಾಗ ಸದಸ್ಯರು ಈ ಪ್ರಶ್ನೆಗಳನ್ನು ಕೇಳತಕ್ಕದ್ದು:

1. ಬಳಕೆದಾರರ ಪಾಸ್‌ವರ್ಡ್ ಮೊಬೈಲ್‌ನಲ್ಲಿ ಉಳಿಯುತ್ತದೆಯೇ? ಉಳಿಯಕೂಡದು.
2. ಟೋಕನ್‌ನ ಅವಧಿ ಎಷ್ಟು? ಮೊಬೈಲ್ ಕಳುವಾದರೆ ತಕ್ಷಣ ರದ್ದುಗೊಳಿಸಬಹುದೇ?
3. ಸಂಪರ್ಕವು ಎಚ್‌ಟಿಟಿಪಿಎಸ್ ಮೂಲಕವೇ ನಡೆಯುತ್ತದೆಯೇ?
4. ಲೈಬ್ರರಿಯನ್ನು ಕಾಲಕಾಲಕ್ಕೆ ನವೀಕರಿಸುವ ಹೊಣೆ ಯಾರದು?

ಎಷ್ಟೇ ಉತ್ತಮ ತಂತ್ರಾಂಶವಿದ್ದರೂ, ಲಾಗಿನ್ ತೆರೆದಿಟ್ಟು ಊಟಕ್ಕೆ ಎದ್ದುಹೋದರೆ ರಕ್ಷಣೆ ಇಲ್ಲ. ಆ ಅವಧಿಯಲ್ಲಿ ಬೇರೆಯವರು ಮಾಡಿದ ಕಾರ್ಯವೂ ಲಾಗಿನ್ ಆದವರ ಹೆಸರಿನಲ್ಲಿಯೇ ದಾಖಲಾಗುತ್ತದೆ. ಆದುದರಿಂದ ಕೆಲಸ ಮುಗಿದೊಡನೆ ಲಾಗ್‌ಔಟ್ ಆಗುವುದು, ಒಟಿಪಿ ಹಾಗೂ ಡಿಜಿಟಲ್ ಸಹಿಯ ಕೀಲಿಯನ್ನು ಯಾರಿಗೂ ನೀಡದಿರುವುದು ಕರ್ತವ್ಯ. ಮತ್ತೊಬ್ಬರ ಪಾಸ್‌ವರ್ಡ್ ಅಥವಾ ವಿದ್ಯುನ್ಮಾನ ಸಹಿಯನ್ನು ವಂಚನೆಯಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 66ಸಿ ಪ್ರಕರಣದಡಿ 3 ವರ್ಷಗಳವರೆಗಿನ ಕಾರಾಗೃಹವಾಸ ಹಾಗೂ 1 ಲಕ್ಷ ರೂಪಾಯಿವರೆಗಿನ ದಂಡಕ್ಕೆ ಗುರಿಯಾಗುವ ಅಪರಾಧ. ಹಣ ವಂಚನೆಯಾದಲ್ಲಿ ವಿಳಂಬಿಸದೆ 1930 ಸಹಾಯವಾಣಿಗೆ ಕರೆ ಮಾಡತಕ್ಕದ್ದು.