ಉತ್ತರ ಸಿಕ್ಕಿತು, ಲೆಕ್ಕ ಬಂದಿತೇ?

ಸಂಜೆ ದೀಪ ಹಚ್ಚುವ ಹೊತ್ತಿಗೆ ಹುಡುಗ ಲೆಕ್ಕದ ಪುಸ್ತಕ ತೆರೆದು ಕುಳಿತಿದ್ದಾನೆ. ಹಿಂದೆಲ್ಲ ಒಂದು ಲೆಕ್ಕ ಬಾರದಿದ್ದರೆ ಪೆನ್ಸಿಲಿನ ತುದಿ ಕಚ್ಚುತ್ತ, ಬರೆದುದನ್ನು ಅಳಿಸುತ್ತ, ಕಡೆಗೆ ಅಣ್ಣನನ್ನೋ ಅಕ್ಕನನ್ನೋ ಕಾಡಿ, ಅವರಿಂದ ಎರಡು ಮಾತು ಬೈಸಿಕೊಂಡು ಕಲಿಯಬೇಕಾಗಿತ್ತು. ಈಗ ಆ ಗೋಜೇ ಇಲ್ಲ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಎಂಬ ಮಾತಾಡುವ ಯಂತ್ರ ಜನರ ಕೈಗೆ ಬಂದಂದಿನಿಂದ, ಪ್ರಶ್ನೆಯನ್ನು ಮೊಬೈಲಿಗೆ ಒಪ್ಪಿಸಿದರಾಯಿತು, ಉತ್ತರ ಸಿದ್ಧ. ಬೈಗುಳವೂ ಇಲ್ಲ. ಮನೆಪಾಠ ಊಟಕ್ಕೆ ಮುಂಚೆಯೇ ಮುಗಿಯಿತೆಂದು ತಾಯಿಗೆ ಸಮಾಧಾನ.

ಮುಗಿದುದು ಪಾಠವೋ, ಬರೀ ಬರವಣಿಗೆಯೋ? ಈ ಸಂದೇಹವನ್ನು ಒರೆಗೆ ಹಚ್ಚಿದವರು ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ಸಂಶೋಧಕರು. ಅದಕ್ಕಾಗಿ ಅವರು ಆರಿಸಿಕೊಂಡುದು ತುರ್ಕಿ ದೇಶದ ಒಂದು ಪ್ರೌಢಶಾಲೆಯನ್ನು. 2023ರಲ್ಲಿ ಅಲ್ಲಿ ಒಂಬತ್ತು, ಹತ್ತು, ಹನ್ನೊಂದನೆಯ ತರಗತಿಗಳ ಸುಮಾರು ಒಂದು ಸಾವಿರ ವಿದ್ಯಾರ್ಥಿಗಳು ಈ ಪ್ರಯೋಗಕ್ಕೆ ಒಳಗಾದರು. ಮೊದಲು ಉಪಾಧ್ಯಾಯರಿಂದ ಗಣಿತ ಪಾಠ. ಅನಂತರ ಅಭ್ಯಾಸದ ಲೆಕ್ಕಗಳು. ಒಂದು ಪಂಗಡಕ್ಕೆ ಪುಸ್ತಕ ಮತ್ತು ಟಿಪ್ಪಣಿಗಳಷ್ಟೇ ಆಸರೆ. ಎರಡನೆಯದಕ್ಕೆ ಕೇಳಿದ್ದನ್ನೆಲ್ಲ ಹೇಳಿಬಿಡುವ ಸಾಮಾನ್ಯ ಯಂತ್ರ. ಮೂರನೆಯದಕ್ಕೂ ಯಂತ್ರವೇ, ಆದರೆ ಪಳಗಿಸಿದ ಯಂತ್ರ: ಉತ್ತರವನ್ನು ಒಮ್ಮೆಗೇ ಬಿಟ್ಟುಕೊಡದೆ, ಉಪಾಧ್ಯಾಯರು ಕಲಿಸಿಕೊಟ್ಟ ಸುಳಿವುಗಳನ್ನು ಮಾತ್ರ ಕೊಡುವಂಥದು.

ಅಭ್ಯಾಸದಲ್ಲಿ ಯಂತ್ರದ ಮಕ್ಕಳದೇ ಮೇಲುಗೈ. ಪುಸ್ತಕವನ್ನೇ ನಂಬಿದವರಿಗಿಂತ ಎರಡನೆಯ ಪಂಗಡದವರ ಅಂಕ ಶೇಕಡ 48ರಷ್ಟು ಹೆಚ್ಚು. ಮೂರನೆಯದರದು ಶೇಕಡ 127ರಷ್ಟು! ಇಲ್ಲಿಗೇ ಕಥೆ ಮುಗಿದಿದ್ದರೆ ಊರೂರಿಗೆ ಡಂಗುರ ಸಾರಬಹುದಿತ್ತು. ಆದರೆ ಒಡನೆಯೇ ಪರೀಕ್ಷೆ ಬಂದಿತು. ಪುಸ್ತಕವಿಲ್ಲ, ಯಂತ್ರವೂ ಇಲ್ಲ. ಆಗ ಸಾಮಾನ್ಯ ಯಂತ್ರವನ್ನು ಬಳಸಿದ್ದವರು, ಅದರ ಮುಖವನ್ನೇ ಕಾಣದಿದ್ದ ಮಕ್ಕಳಿಗಿಂತ ಶೇಕಡ 17ರಷ್ಟು ಹಿಂದೆ ಬಿದ್ದರು.

ಕಾರಣ ತಿಳಿಯಲು ಸಂಶೋಧಕರು ಮಕ್ಕಳಿಗೂ ಯಂತ್ರಕ್ಕೂ ನಡೆದ ಸಂವಾದವನ್ನೇ ಓದಿ ನೋಡಿದರು. ಎರಡನೆಯ ಪಂಗಡದಲ್ಲಿ ಅನೇಕರು ಕೇಳಿದ್ದು ಒಂದೇ ಮಾತು: ಉತ್ತರವೇನು? ಅವರಿಗೆ ದಾರಿ ಬೇಡ, ಊರು ಬೇಕು. ಇನ್ನೂ ವಿಚಿತ್ರವೆಂದರೆ ಅಂದಿನ ಆ ಯಂತ್ರವು ಆ ಲೆಕ್ಕಗಳಿಗೆ ಸರಿಯುತ್ತರ ಕೊಡುತ್ತಿದ್ದುದು ಹೆಚ್ಚುಕಡಮೆ ಅರ್ಧದಷ್ಟು ಸಲ ಮಾತ್ರ. ತಪ್ಪು ಹೇಳುವಾಗಲೂ ಅದರ ಧಾಟಿಯಲ್ಲಿ ಅಳುಕಿಲ್ಲ. ಅಣ್ಣನಾದರೆ ಗೊತ್ತಿಲ್ಲದಾಗ ತಲೆ ಕೆರೆದುಕೊಳ್ಳುತ್ತಾನೆ. ನೋಡಿದ ತಂಗಿಗೆ ಸಂಶಯ ಹುಟ್ಟುತ್ತದೆ, ಸಂಶಯ ಹುಟ್ಟಿದರೆ ತಾನೇ ಕೂಡಿ ಕಳೆದು ನೋಡುತ್ತಾಳೆ. ಇಂದಿನ ಯಂತ್ರಗಳು ಗಣಿತದಲ್ಲಿ ಅಂದಿಗಿಂತ ನುರಿತಿವೆ, ನಿಜ. ಹಾಗಾದ ಮೇಲೆ ಮಗುವಿಗೆ ಸಂಶಯಪಡುವ ಸಂದರ್ಭವೇ ಮತ್ತಷ್ಟು ವಿರಳವಾಯಿತಲ್ಲವೇ?

ಸುಳಿವು ಕೊಡುವ ಯಂತ್ರದ ಮಕ್ಕಳಿಗೆ ಆ ನಷ್ಟ ಬಹುಮಟ್ಟಿಗೆ ತಟ್ಟಲಿಲ್ಲ. ಹಾಗೆಂದು ಅವರೇನೂ ಮುಂದೆ ಹೋಗಲಿಲ್ಲ. ಪರೀಕ್ಷೆಯಲ್ಲಿ ಪುಸ್ತಕದ ಮಕ್ಕಳ ಸರಿಸಮಕ್ಕೇ ನಿಂತರು.

ಪರೀಕ್ಷೆ ಹೇಗಾಯಿತೆಂದು ಮಕ್ಕಳನ್ನೇ ವಿಚಾರಿಸಿದುದೂ ಉಂಟು. ಶೇಕಡ 17ರಷ್ಟು ಹಿಂದೆ ಬಿದ್ದವರಿಗೆ ತಾವು ಹಿಂದೆ ಬಿದ್ದೆವೆಂಬ ಅರಿವೇ ಇರಲಿಲ್ಲ. ಸರಿಸಮ ನಿಂತವರಾದರೋ, ತಾವು ಇತರರಿಗಿಂತ ಚೆನ್ನಾಗಿ ಮಾಡಿದೆವೆಂದೇ ನಂಬಿದ್ದರು.