ವಿಶ್ವಕಪ್ಪಿಗೆ ಅರ್ಹತೆ ಪಡೆಯುವ ಬಗೆ

ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾನಿಲಯವಿರುವುದನ್ನು ನಮ್ಮ ಓದುಗರೆಲ್ಲರೂ ಬಲ್ಲರು. 1987ನೆಯ ಇಸವಿಯಲ್ಲಿ ಸ್ಥಾಪಿತವಾದ ಈ ವಿದ್ಯಾಕೇಂದ್ರಕ್ಕೆ ಸೇರಿದ ಕಾಲೇಜುಗಳಲ್ಲಿ ಆಟವಾಡುವ ಹೆಣ್ಣುಮಕ್ಕಳು ಒಂದು ಕ್ರಮವನ್ನು ಚೆನ್ನಾಗಿ ಅರಿತಿರುವರು. ಕಾಲೇಜಿನ ತಂಡದಲ್ಲಿ ಚೆನ್ನಾಗಿ ಆಡಿದವಳು ವಿಶ್ವವಿದ್ಯಾನಿಲಯದ ತಂಡಕ್ಕೆ ಆರಿಸಲ್ಪಡುವಳು. ಆ ತಂಡವು ದಕ್ಷಿಣ ವಲಯದ ಪಂದ್ಯಗಳಿಗೆ ಹೋಗುವುದು. ಅಲ್ಲಿ ಮೇಲಿನ ಸ್ಥಾನಗಳನ್ನು ಗಳಿಸಿದರೆ ಮಾತ್ರ ಅಖಿಲ ಭಾರತ ಪಂದ್ಯಗಳಲ್ಲಿ ಆಡುವ ಅಧಿಕಾರ ಅದಕ್ಕೆ ದೊರೆಯುವುದು. ಹೈಸ್ಕೂಲಿನ ಬಾಲಿಕೆಯರಿಗೂ ಇದು ಹೊಸದಲ್ಲ. ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂಬ ಮೆಟ್ಟಿಲುಗಳನ್ನು ಅವರು ಪ್ರತಿವರ್ಷವೂ ಹತ್ತುವರು, ಇಲ್ಲವೆ ನಡುವೆಯೇ ಇಳಿದು ಬರುವರು.

ಹಾಗಾದರೆ ಒಂದು ದೇಶದ ತಂಡವೇ ಜಗತ್ತಿನ ದೊಡ್ಡ ಪಂದ್ಯಾವಳಿಗೆ ಹೋಗಬೇಕಾದರೆ ಏನು ಮಾಡಬೇಕು? ಅಲ್ಲಿಯೂ ಇಂತಹ ಮೆಟ್ಟಿಲುಗಳು ಇವೆಯೆ? ಈ ಪ್ರಶ್ನೆಯನ್ನು ನಮ್ಮ ಬಾಲಿಕೆಯರು ಹಲವು ಸಲ ಕೇಳಿರುವರು. ಹೆಂಗಸರ ಕ್ರಿಕೆಟ್ ವಿಶ್ವಕಪ್ಪನ್ನು ನಿದರ್ಶನವಾಗಿ ತೆಗೆದುಕೊಂಡು ನಾವು ಇದಕ್ಕೆ ಯಥಾಶಕ್ತಿ ಉತ್ತರ ಹೇಳುವೆವು.

ಮೊದಲಲ್ಲಿ ಅರ್ಹತೆಯ ಮಾತೇ ಇರಲಿಲ್ಲ. ಹೆಂಗಸರ ವಿಶ್ವಕಪ್ಪು ಪ್ರಥಮವಾಗಿ ನಡೆದುದು 1973ರಲ್ಲಿ, ಇಂಗ್ಲೆಂಡಿನಲ್ಲಿ. ಗಂಡಸರ ವಿಶ್ವಕಪ್ಪಿಗಿಂತ ಎರಡು ವರ್ಷ ಮುಂಚೆ ಎಂಬುದನ್ನು ಇಲ್ಲಿ ಹೇಳದೆ ಬಿಡಲಾಗದು. ಅಂದು ಆಡಿದ ಏಳು ತಂಡಗಳಲ್ಲಿ ಇಂಗ್ಲೆಂಡಿನದೇ ಎರಡಿದ್ದವು. ನಾನಾ ದೇಶದವರನ್ನು ಕೂಡಿಸಿ ಕಟ್ಟಿದ ತಂಡವೂ ಒಂದಿತ್ತು. ಕರೆಸಿಕೊಂಡವರು ಬಂದರು, ಆಡಿದರು. 1978ರಲ್ಲಿ ಭಾರತದಲ್ಲಿಯೇ ಎರಡನೆಯ ಪಂದ್ಯಾವಳಿ ನಡೆದಾಗ ಇದ್ದ ತಂಡಗಳು ನಾಲ್ಕೇ. ನಮ್ಮ ದೇಶದ ತಂಡವು ವಿಶ್ವಕಪ್ಪಿನಲ್ಲಿ ಆಡಿದುದು ಅದೇ ಮೊದಲು. 1982ರಲ್ಲಿ ನ್ಯೂಜಿಲೆಂಡಿಗೆ ಹೋದ ಭಾರತದ ತಂಡದ ನಾಯಕಿ ಕರ್ನಾಟಕದ ಶಾಂತಾ ರಂಗಸ್ವಾಮಿಯವರು. 1976ರಲ್ಲಿ ಭಾರತದ ಹೆಂಗಸರು ಮೊಟ್ಟಮೊದಲು ಟೆಸ್ಟ್ ಪಂದ್ಯವಾಡಿದಾಗಲೂ ಅವರೇ ನಾಯಕಿಯಾಗಿದ್ದರು.

ಆಡುವ ದೇಶಗಳು ಹೆಚ್ಚಿದಂತೆಲ್ಲ ಬರಿಯ ಆಹ್ವಾನದಿಂದ ಕೆಲಸ ಸಾಗದಾಯಿತು. ಮನೆಯಲ್ಲಿ ಎಂಟು ಎಲೆ ಹಾಕಿ ಹದಿನೈದು ಜನರನ್ನು ಊಟಕ್ಕೆ ಕರೆಯಲಾದೀತೆ? ಆದುದರಿಂದ 2003ರಲ್ಲಿ ನೆದರ್ಲೆಂಡಿನಲ್ಲಿ ಮೊದಲನೆಯ ಅರ್ಹತಾ ಪಂದ್ಯಾವಳಿಯನ್ನು ನಡೆಸಿದರು. ಅದರಲ್ಲಿ ಮೊದಲೆರಡು ಸ್ಥಾನ ಪಡೆದ ಐರ್ಲೆಂಡು ಮತ್ತು ವೆಸ್ಟ್ ಇಂಡೀಸ್ ತಂಡಗಳಿಗೆ 2005ರ ವಿಶ್ವಕಪ್ಪಿನಲ್ಲಿ ಸ್ಥಾನ ದೊರೆಯಿತು.

ಈಗ ರೂಢಿಯಲ್ಲಿರುವ ಏರ್ಪಾಡಿನಲ್ಲಿ ಒಳಗೆ ಹೋಗಲು ಮೂರು ಬಾಗಿಲುಗಳಿವೆ ಎನ್ನಬಹುದು. ಮೊದಲನೆಯದು ಆತಿಥೇಯರ ಬಾಗಿಲು: ಪಂದ್ಯಾವಳಿಯನ್ನು ನಡೆಸುವ ದೇಶಕ್ಕೆ ಸ್ಥಾನವು ತಾನಾಗಿಯೇ ಸಲ್ಲುವುದು. ಎರಡನೆಯದು ಚಾಂಪಿಯನ್‌ಷಿಪ್ಪಿನ ಬಾಗಿಲು. ಅಂತರ್ರಾಷ್ಟ್ರೀಯ ಕ್ರಿಕೆಟ್ ಮಂಡಳಿಯು 2014ರಲ್ಲಿ ಇದನ್ನು ಆರಂಭಿಸಿತು. ಮೊದಮೊದಲು ಎಂಟು ದೇಶಗಳಲ್ಲಿ ಪ್ರತಿಯೊಂದೂ ಉಳಿದ ಏಳರೊಡನೆ ಮೂರು ಮೂರು ಪಂದ್ಯಗಳಂತೆ ಒಟ್ಟು 21 ಪಂದ್ಯಗಳನ್ನು ಆಡಬೇಕಾಗಿತ್ತು. ಗೆದ್ದರೆ ಎರಡು ಅಂಕ, ಸಮವಾದರೆ ಅಥವಾ ಮಳೆಯಿಂದ ಆಟ ನಿಂತರೆ ಒಂದು ಅಂಕ. ಮೇಲಿನ ನಾಲ್ವರು ಆಗ ನೇರವಾಗಿ ವಿಶ್ವಕಪ್ಪಿಗೆ ಹೋಗುತ್ತಿದ್ದರು. ಮೂರನೆಯದು ಅರ್ಹತಾ ಪಂದ್ಯಾವಳಿಯ ಬಾಗಿಲು. ಮೇಲಿನ ಸ್ಥಾನ ದೊರೆಯದವರೂ ಕ್ರಿಕೆಟ್ಟಿನಲ್ಲಿ ಇನ್ನೂ ಬೆಳೆಯುತ್ತಿರುವ ಸಣ್ಣ ದೇಶದವರೂ ಒಂದೆಡೆ ಸೇರಿ, ಉಳಿದಿರುವ ಕೆಲವೇ ಸ್ಥಾನಗಳಿಗಾಗಿ ಅಲ್ಲಿ ಸೆಣಸುವರು.

ನಮ್ಮ ದೇಶದ ತಂಡವೇ ಒಮ್ಮೆ ಈ ಮೂರನೆಯ ಬಾಗಿಲಿನ ಮುಂದೆ ನಿಲ್ಲಬೇಕಾಯಿತು. 2014ರಿಂದ 2016ರವರೆಗಿನ ಚಾಂಪಿಯನ್‌ಷಿಪ್ಪಿನಲ್ಲಿ ಭಾರತವು ಪಾಕಿಸ್ತಾನದೊಡನೆ ಆಡಬೇಕಾಗಿದ್ದ ಮೂರು ಪಂದ್ಯಗಳು ಗೊತ್ತಾದ ಅವಧಿಯೊಳಗೆ ನಡೆಯಲಿಲ್ಲ. ಮಂಡಳಿಯು ವಿಚಾರ ಮಾಡಿ ಆ ಮೂರು ಪಂದ್ಯಗಳ ಆರು ಅಂಕಗಳನ್ನೂ ಪಾಕಿಸ್ತಾನಕ್ಕೆ ಕೊಟ್ಟಿತು. ಆಸ್ಟ್ರೇಲಿಯಾ, ಇಂಗ್ಲೆಂಡು, ನ್ಯೂಜಿಲೆಂಡು, ವೆಸ್ಟ್ ಇಂಡೀಸ್ ತಂಡಗಳು ನೇರವಾಗಿ ಅರ್ಹವಾದವು. ಭಾರತಕ್ಕೆ ಐದನೆಯ ಸ್ಥಾನ ಬಂತು. ಆಟಗಾರ್ತಿಯರು ಮೈದಾನದಲ್ಲಿ ಸೋಲದೆ ಇದ್ದ ಪಂದ್ಯಗಳ ಅಂಕಗಳು ಹೀಗೆ ಮೈದಾನದ ಹೊರಗೆ ಹೋದವು. ಮುಂದಿನ ಸಲ, ಅಂದರೆ 2017ರಿಂದ 2020ರ ಚಾಂಪಿಯನ್‌ಷಿಪ್ಪಿನಲ್ಲಿಯೂ ಅದೇ ಎರಡು ದೇಶಗಳ ಪಂದ್ಯಗಳು ನಡೆಯಲಿಲ್ಲ. ಸರ್ಕಾರದ ಅನುಮತಿ ದೊರೆಯದುದು ಆಟದ ಸಂಸ್ಥೆಯ ಕೈಮೀರಿದ ಸಂಗತಿಯೆಂದು ಭಾವಿಸಿ ಮಂಡಳಿಯು ಆಗ ಅಂಕಗಳನ್ನು ಇಬ್ಬರಿಗೂ ಸಮನಾಗಿ ಹಂಚಿತು. ಭಾರತವು ನಾಲ್ಕನೆಯದಾಗಿ ನೇರವಾಗಿ ಅರ್ಹವಾಯಿತು. ಒಂದೇ ಬಗೆಯ ಸಂಗತಿಗೆ ಎರಡು ಸಲ ಎರಡು ಬಗೆಯ ತೀರ್ಪು! ನಿಯಮವೆಂಬುದು ಕಾಗದದ ಮೇಲೆ ಇದ್ದರೆ ಸಾಲದು, ಅದನ್ನು ಅರ್ಥೈಸುವವರ ವಿವೇಚನೆಯೂ ಅಷ್ಟೇ ಮುಖ್ಯವೆಂಬುದು ಇದರಿಂದ ತಿಳಿಯುವುದು.

2017ರ ಫೆಬ್ರುವರಿಯಲ್ಲಿ ಕೊಲಂಬೊ ನಗರದಲ್ಲಿ ನಡೆದ ಅರ್ಹತಾ ಪಂದ್ಯಾವಳಿಯಲ್ಲಿ ಹತ್ತು ದೇಶಗಳಿದ್ದವು, ಖಾಲಿಯಿದ್ದ ಸ್ಥಾನಗಳು ನಾಲ್ಕು. ಭಾರತವು ಒಂದು ಪಂದ್ಯವನ್ನೂ ಸೋಲಲಿಲ್ಲ. ಅಂತಿಮ ಪಂದ್ಯದಲ್ಲಿ ದಕ್ಷಿಣ ಆಫ್ರಿಕವು 244 ಓಟಗಳನ್ನು ಗಳಿಸಿತು. ಭಾರತಕ್ಕೆ ಕಡೆಯ ಎರಡು ಚೆಂಡುಗಳಲ್ಲಿ ಎಂಟು ಓಟಗಳು ಬೇಕಾಗಿದ್ದಾಗ, ಒಂಬತ್ತು ವಿಕೆಟ್ಟುಗಳು ಬಿದ್ದಿದ್ದಾಗ, ಹರ್ಮನ್‌ಪ್ರೀತ್ ಕೌರ್ ಅವರು ಒಂದು ಚೆಂಡನ್ನು ಸಿಕ್ಸರಿಗೆ ಅಟ್ಟಿ, ಇನ್ನೊಂದರಲ್ಲಿ ಎರಡು ಓಟ ತೆಗೆದು ಗೆಲುವನ್ನು ತಂದರು. ಈ ಎರಡು ತಂಡಗಳೊಡನೆ ಶ್ರೀಲಂಕಾ ಮತ್ತು ಪಾಕಿಸ್ತಾನಗಳೂ ವಿಶ್ವಕಪ್ಪಿಗೆ ಹೋದವು.

ವಿಶ್ವಕಪ್ಪಿನ ಒಳಗೂ ಮತ್ತೊಂದು ಅರ್ಹತೆ ಇರುವುದು. ಎಂಟು ತಂಡಗಳಲ್ಲಿ ಪ್ರತಿಯೊಂದೂ ಉಳಿದೆಲ್ಲ ತಂಡಗಳೊಡನೆ ಆಡಿದ ಮೇಲೆ ಮೊದಲ ನಾಲ್ಕಕ್ಕೆ ಮಾತ್ರ ಸೆಮಿಫೈನಲಿನಲ್ಲಿ ಸ್ಥಾನ. 2017ರ ಜುಲೈ 15ರಂದು ಇಂಗ್ಲೆಂಡಿನ ಡಾರ್ಬಿ ಎಂಬ ಊರಿನಲ್ಲಿ ಭಾರತ ಮತ್ತು ನ್ಯೂಜಿಲೆಂಡುಗಳು ಎದುರಾದಾಗ, ಗೆದ್ದವರಿಗೆ ಸೆಮಿಫೈನಲು, ಸೋತವರಿಗೆ ಮನೆಯ ದಾರಿ ಎಂಬಂತಾಗಿತ್ತು. ಅಂದು ನಮ್ಮ ನಾಡಿನ ಇಬ್ಬರು ಹೆಣ್ಣುಮಕ್ಕಳು ಮಾಡಿದ ಕೆಲಸವನ್ನು ನಾವು ಅಭಿಮಾನದಿಂದ ಸ್ಮರಿಸುತ್ತೇವೆ. ಬೀರೂರಿನಿಂದ ರೈಲು ಹತ್ತಿದವರು ತರೀಕೆರೆ, ಭದ್ರಾವತಿಗಳನ್ನು ದಾಟಿ ಶಿವಮೊಗ್ಗಕ್ಕೆ ಬರುವರಷ್ಟೆ. ಆ ಬೀರೂರಿನ ನೆರೆಯ ಊರಾದ ಕಡೂರಿನಲ್ಲಿ ಹುಟ್ಟಿದ ವೇದಾ ಕೃಷ್ಣಮೂರ್ತಿಯವರು 45 ಚೆಂಡುಗಳಲ್ಲಿ 70 ಓಟಗಳನ್ನು ಹೊಡೆದರು. ನಾಯಕಿ ಮಿತಾಲಿ ರಾಜ್ ಅವರು 109 ಗಳಿಸಿದರು. ಒಟ್ಟು 265 ಆಯಿತು. ಬಳಿಕ ವಿಜಯಪುರದ ರಾಜೇಶ್ವರಿ ಗಾಯಕವಾಡರು ಹದಿನೈದು ಓಟಗಳನ್ನು ಮಾತ್ರ ಕೊಟ್ಟು ಐದು ವಿಕೆಟ್ಟುಗಳನ್ನು ಕಿತ್ತರು. ಆ ಪಂದ್ಯಾವಳಿಯಲ್ಲಿ ಅವರಿಗೆ ಆಡಲು ಅವಕಾಶ ದೊರೆತುದು ಅದೇ ಮೊದಲ ದಿನ! ನ್ಯೂಜಿಲೆಂಡು 79ಕ್ಕೆ ಮುಗಿಯಿತು. ಅರ್ಹತಾ ಪಂದ್ಯಗಳ ಮೂಲಕ ಬಂದ ಭಾರತವು ಹೀಗೆ ಅಂತಿಮ ಪಂದ್ಯದವರೆಗೂ ಸಾಗಿ, ಜುಲೈ 23ರಂದು ಲಾರ್ಡ್ಸ್ ಮೈದಾನದಲ್ಲಿ ಇಂಗ್ಲೆಂಡಿಗೆ ಕೇವಲ ಒಂಬತ್ತು ಓಟಗಳಿಂದ ಸೋತಿತು.

ಇನ್ನು ಅಂಕಗಳು ಸಮವಾದಾಗ ಏನು ಮಾಡುವರು ಎಂಬುದನ್ನು ಹೇಳಬೇಕು. ನೆಟ್ ರನ್‌ರೇಟ್ ಎಂದು ವರ್ತಮಾನಪತ್ರಿಕೆಗಳಲ್ಲಿ ಅಚ್ಚಾಗುವ ಲೆಕ್ಕವು ಇಲ್ಲಿಯೇ ಉಪಯೋಗಕ್ಕೆ ಬರುವುದು. ಗಣಿತಕ್ಕೆ ಅಂಜುವ ಬಾಲಿಕೆಯರೂ ಇದನ್ನು ತಿಳಿಯಬಹುದು. ಒಂದು ತಂಡವು ತಾನಾಡಿದ ಎಲ್ಲ ಪಂದ್ಯಗಳಲ್ಲಿ ಗಳಿಸಿದ ಓಟಗಳನ್ನು ತಾನು ಬ್ಯಾಟು ಮಾಡಿದ ಓವರುಗಳಿಂದ ಭಾಗಿಸಬೇಕು. ಎದುರಾಳಿಗಳಿಗೆ ಕೊಟ್ಟ ಓಟಗಳನ್ನು ಅವರು ಆಡಿದ ಓವರುಗಳಿಂದ ಭಾಗಿಸಬೇಕು. ಮೊದಲನೆಯದರಿಂದ ಎರಡನೆಯದನ್ನು ಕಳೆಯಬೇಕು. ಆದರೆ ಯಾವ ತಂಡವಾದರೂ ನಡುವೆಯೇ ಆಲೌಟ್ ಆದರೆ, ಅದು 50 ಓವರುಗಳನ್ನೂ ಆಡಿತೆಂದೇ ಲೆಕ್ಕ ಹಿಡಿಯುವರು.

ಉದಾಹರಣೆಗೆ, ಒಂದು ತಂಡವು ಮೊದಲ ಪಂದ್ಯದಲ್ಲಿ 50 ಓವರುಗಳಲ್ಲಿ 200 ಓಟ ಗಳಿಸಿ, ಎದುರಾಳಿಯನ್ನು 40 ಓವರುಗಳಲ್ಲಿ 150ಕ್ಕೆ ಆಲೌಟ್ ಮಾಡಿತೆನ್ನೋಣ. ಎರಡನೆಯ ಪಂದ್ಯದಲ್ಲಿ ಅದು 50 ಓವರುಗಳಲ್ಲಿ 180 ಗಳಿಸಿತು. ಎದುರಾಳಿಯು 30 ಓವರುಗಳಲ್ಲಿಯೇ 181 ಹೊಡೆದು ಗೆದ್ದಿತು. ಗಳಿಸಿದ್ದು 100 ಓವರುಗಳಲ್ಲಿ 380, ಅಂದರೆ ಓವರಿಗೆ 3.80. ಕೊಟ್ಟದ್ದು, ಆಲೌಟಿನ 50ನ್ನೂ ಮತ್ತೊಂದರ 30ನ್ನೂ ಕೂಡಿಸಿ, 80 ಓವರುಗಳಲ್ಲಿ 331, ಅಂದರೆ ಸುಮಾರು 4.14. ಒಂದು ಗೆಲುವು, ಒಂದು ಸೋಲು. ಆದರೂ ಉಳಿದುದು 0.34ರಷ್ಟು ಋಣ. ಬೇಗನೆ ಸೋತವಳಿಗಿಂತ ಹೋರಾಡಿ ಸೋತವಳ ಲೆಕ್ಕವು ಮೇಲಾಗಿರುವುದು. ಸೋಲುವಾಗಲೂ ಪ್ರತಿಯೊಂದು ಓಟವನ್ನೂ ಉಳಿಸಲು ಮೈದಾನದಲ್ಲಿ ಓಡಬೇಕೆಂದು ಶಿಕ್ಷಕಿಯರು ಹೇಳುವುದು ಇದಕ್ಕಾಗಿಯೇ.

ಈ ಲೆಕ್ಕವು ಎಷ್ಟು ಕಠಿನವಾದೀತೆಂಬುದು 2025ರ ಏಪ್ರಿಲಿನಲ್ಲಿ ಕಂಡುಬಂತು. ಆ ವರ್ಷದ ವಿಶ್ವಕಪ್ಪಿಗೆ ಭಾರತವು ಆತಿಥೇಯ ದೇಶವಾಗಿ ಅರ್ಹವಾಗಿತ್ತು. ಇನ್ನೈದು ದೇಶಗಳು ಚಾಂಪಿಯನ್‌ಷಿಪ್ಪಿನಿಂದ ಬಂದಿದ್ದವು. ಉಳಿದ ಎರಡು ಸ್ಥಾನಗಳಿಗೆ ಲಾಹೋರಿನಲ್ಲಿ ಆರು ತಂಡಗಳು ಆಡಿದವು. ಪಾಕಿಸ್ತಾನವು ಐದಕ್ಕೆ ಐದನ್ನೂ ಗೆದ್ದಿತು. ಬಾಂಗ್ಲಾದೇಶಕ್ಕೂ ವೆಸ್ಟ್ ಇಂಡೀಸಿಗೂ ಮೂರು ಮೂರು ಗೆಲುವುಗಳು. ಕಡೆಯ ದಿನ ಥಾಯ್ಲೆಂಡಿನ 166 ಓಟಗಳನ್ನು ವೆಸ್ಟ್ ಇಂಡೀಸಿನವರು 11 ಓವರುಗಳಿಗೆ ಒಂದು ಚೆಂಡು ಮಾತ್ರ ಉಳಿದಿರುವಾಗ ದಾಟಿದರು. ಅಂತಹ ವೇಗವೂ ಸಾಲದಾಯಿತು. ಬಾಂಗ್ಲಾದೇಶದ ಲೆಕ್ಕ 0.639, ವೆಸ್ಟ್ ಇಂಡೀಸಿನದು 0.626. ಇವೆರಡರ ಅಂತರವು ಓವರಿಗೆ ಒಂದು ಓಟದ ಎಪ್ಪತ್ತೈದನೆಯ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚಿಲ್ಲ! ಅದೇ ಪಂದ್ಯಾವಳಿಯಲ್ಲಿ ಬಾಂಗ್ಲಾದೇಶವನ್ನು ವೆಸ್ಟ್ ಇಂಡೀಸ್ ಸೋಲಿಸಿತ್ತು. ಆದರೂ ಸೋಲಿಸಿದವರು ಮನೆಯಲ್ಲಿ ಉಳಿದರು, ಸೋತವರು ವಿಶ್ವಕಪ್ಪಿಗೆ ಹೋದರು.

ಇಂತಹ ಸಂಕಟವು ಕ್ರಿಕೆಟ್ಟಿಗೇ ಮೀಸಲಲ್ಲ. ಅಮೆರಿಕ, ಜಪಾನು ಮೊದಲಾದ ದೇಶಗಳಲ್ಲಿ ಜನಪ್ರಿಯವಾದ ಬೇಸ್‌ಬಾಲ್ ಆಟದಲ್ಲಿ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್ ಎಂಬ ಪಂದ್ಯಾವಳಿಯಿದೆ. 2006ರಲ್ಲಿ ಮೊದಲ ಸಲ ಹದಿನಾರು ದೇಶಗಳನ್ನು ಆಹ್ವಾನದಿಂದಲೇ ಕರೆದರು. 2023ರ ಹೊತ್ತಿಗೆ ತಂಡಗಳು ಇಪ್ಪತ್ತಾದವು. ಐದೈದರ ನಾಲ್ಕು ಗುಂಪುಗಳು. ಪ್ರತಿ ಗುಂಪಿನ ಮೊದಲ ನಾಲ್ವರಿಗೆ 2026ರ ಸ್ಥಾನವು ಖಂಡಿತ, ಐದನೆಯವರು ಅರ್ಹತಾ ಪಂದ್ಯಗಳಿಗೆ ಹೋಗಬೇಕು. ಒಂದು ಗುಂಪಿನಲ್ಲಿ ಐದು ತಂಡಗಳೂ ಎರಡೆರಡು ಗೆದ್ದು ಎರಡೆರಡು ಸೋತವು! ಆಗ ಎದುರಾಳಿಗಳಿಗೆ ಕೊಟ್ಟ ಓಟಗಳನ್ನು ಅವರಿಂದ ಪಡೆದ ಔಟುಗಳಿಂದ ಭಾಗಿಸಿ ಲೆಕ್ಕ ನೋಡಿದರು. ಚೈನೀಸ್ ತೈಪೆ ತಂಡವು ಕೆಳಗುಳಿಯಿತು; 2025ರಲ್ಲಿ ಅರ್ಹತಾ ಪಂದ್ಯಗಳನ್ನು ಆಡಿ ತನ್ನ ಸ್ಥಾನವನ್ನು ಮತ್ತೆ ಗಳಿಸಿಕೊಂಡಿತು.

ಕೆಲವೊಮ್ಮೆ ಮೈದಾನಕ್ಕೆ ಬಂದವರಿಗೂ ಆಟ ಮುಗಿಸುವ ಭಾಗ್ಯ ಇರುವುದಿಲ್ಲ. 2021ರ ನವೆಂಬರಿನಲ್ಲಿ ಜಿಂಬಾಬ್ವೆ ದೇಶದ ಹರಾರೆಯಲ್ಲಿ ಅರ್ಹತಾ ಪಂದ್ಯಾವಳಿಯು ನಡೆಯುತ್ತಿರುವಾಗಲೇ ಕೋವಿಡ್ ರೋಗದ ಹೊಸದೊಂದು ಬಗೆ ಹಬ್ಬಿದ ಸುದ್ದಿ ಬಂದು, ಆಟವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಹಿಂದಿನ ಶ್ರೇಯಾಂಕವನ್ನು ನೋಡಿ ಬಾಂಗ್ಲಾದೇಶ, ಪಾಕಿಸ್ತಾನ, ವೆಸ್ಟ್ ಇಂಡೀಸ್ ತಂಡಗಳಿಗೆ ಸ್ಥಾನ ಕೊಟ್ಟರು. ಅಷ್ಟರಲ್ಲಿ ಥಾಯ್ಲೆಂಡಿನ ಹುಡುಗಿಯರು ಬಾಂಗ್ಲಾದೇಶವನ್ನೂ ಸೋಲಿಸಿ ತಮ್ಮ ಗುಂಪಿನಲ್ಲಿ ಮುಂದಿದ್ದರು. ಆದರೆ ಶ್ರೇಯಾಂಕ ತರುವ ಪಂದ್ಯಗಳನ್ನು ಆಡುವ ಅವಕಾಶವೇ ಅವರಿಗೆ ಅದುವರೆಗೆ ದೊರೆತಿರಲಿಲ್ಲ. ಆಡಲು ಬಿಡದೆ ಇದ್ದವರನ್ನು ಆಡಲಿಲ್ಲವೆಂದು ಹೊರಗಿಟ್ಟಂತಾಯಿತು. ಇದರಲ್ಲಿ ಯಾರೊಬ್ಬರ ದುರುದ್ದೇಶವನ್ನೂ ನಾವು ಕಾಣೆವು. ಆದರೂ ಅನ್ಯಾಯವು ಅನ್ಯಾಯವೇ. ಅರ್ಹತೆಯ ನಿಯಮಗಳನ್ನು ರಚಿಸುವವರು ದೊಡ್ಡವರ ಅನುಕೂಲವನ್ನಷ್ಟೆ ಅಲ್ಲ, ಬಾಗಿಲಿನ ಹೊರಗೆ ನಿಂತ ಸಣ್ಣವರನ್ನೂ ನೆನೆಯಬೇಕಾದುದು ಇದಕ್ಕಾಗಿ. 2029ರ ಹೆಂಗಸರ ವಿಶ್ವಕಪ್ಪಿನಲ್ಲಿ ಎಂಟರ ಬದಲು ಹತ್ತು ತಂಡಗಳಿಗೆ ಸ್ಥಾನ ಕೊಡಲು ಮಂಡಳಿಯು ನಿಶ್ಚಯಿಸಿರುವುದು ಸಂತೋಷದ ವಿಷಯ.

2025ರ ನವೆಂಬರ್ 2ರಂದು ನವಿ ಮುಂಬಯಿಯಲ್ಲಿ ಭಾರತದ ಹೆಂಗಸರು ದಕ್ಷಿಣ ಆಫ್ರಿಕವನ್ನು 52 ಓಟಗಳಿಂದ ಸೋಲಿಸಿ ಮೊದಲ ಸಲ ವಿಶ್ವಕಪ್ಪನ್ನು ಎತ್ತಿಹಿಡಿದರು. ಅಂದಿನ ನಾಯಕಿ, ಕೊಲಂಬೊದಲ್ಲಿ ಕಡೆಯ ಚೆಂಡುಗಳನ್ನು ಎದುರಿಸಿದ ಹರ್ಮನ್‌ಪ್ರೀತ್ ಅವರೇ. ಆ ಸಲವೂ ಭಾರತವು ಮೊದಲ ಸುತ್ತಿನಲ್ಲಿ ಮೂರು ಪಂದ್ಯಗಳನ್ನು ಸೋತು, ನಾಲ್ಕನೆಯ, ಎಂದರೆ ಕಟ್ಟಕಡೆಯ ಸ್ಥಾನದಿಂದಲೇ ಸೆಮಿಫೈನಲನ್ನು ಸೇರಿತ್ತು.

ಬಾಲಿಕೆಯರೇ, ಮುಂಬಾಗಿಲಿನಿಂದ ಬಂದವರಿಗೂ ಹಿತ್ತಿಲ ಬಾಗಿಲಿನಿಂದ ಬಂದವರಿಗೂ ಮೈದಾನದೊಳಗೆ ಒಂದೇ ಅಳತೆ, ಒಂದೇ ಚೆಂಡು. ಹೋಬಳಿಯ ಪಂದ್ಯಕ್ಕೆ ಹೊರಟಾಗ, ನಿಮ್ಮ ತಂಡವು ಕಡೆಯದಾಗಿ ಆರಿಸಲ್ಪಟ್ಟಿತೆಂದು ಕುಗ್ಗಬೇಡಿರಿ. ಗೆದ್ದು ಮೇಲಿನ ಮೆಟ್ಟಿಲನ್ನು ಸೇರಿದಾಗ, ಕೆಳಗೆ ಉಳಿದವರ ಆಟವು ಕಡಮೆಯದೆಂದೂ ಎಣಿಸಬೇಡಿರಿ. ಒಂದು ಚೆಂಡಿನ ಅಂತರದಲ್ಲಿ ಅವರು ನೀವಾಗಬಹುದಾಗಿತ್ತು. ಇಷ್ಟನ್ನು ನೆನಪಿನಲ್ಲಿಟ್ಟು ಆಡಿರೆಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇವೆ.